ದೊಡ್ಡವ್ವ ಬಾಗಿಲಲ್ಲಿ ಕೂತ ದಿನಗಳು

ನನ್ನ ಹಳೆಯ ದಿನಚರಿಗಳಲ್ಲಿ ಹಸಿರು ರಟ್ಟಿನದೊಂದಿದೆ. ಪ್ರತಿ ಪುಟದ ಮೇಲ್ತುದಿಯಲ್ಲಿ ತಾರೀಖು, ವಾರ, ಪಾಳಿ. ಅದರ ಕೆಳಗೆ ಎಷ್ಟು ಜನ ರೋಗಿಗಳು ಬಂದರು, ಎಷ್ಟು ಜನ ಮನೆಗೆ ಹೋದರು, ಎಷ್ಟು ಜನರನ್ನು ಬಾಗಲಕೋಟೆಗೆ ಕಳಿಸಿದೆವು ಎಂಬ ಲೆಕ್ಕ. ಬಲ ಅಂಚಿನಲ್ಲಿ ಮಾತ್ರ ಅಕ್ಷರಗಳಿಲ್ಲ, ಗುರುತುಗಳಿವೆ. ಯಾರಾದರೂ ನಮ್ಮ ಮೇಲೆ ಕೂಗಾಡಿದರೆ ಒಂದು ಗೆರೆ. ಏನಾದರೂ ಒಡೆದರೆ, ಒದ್ದರೆ ಒಂದು ಕತ್ತರಿ ಗುರುತು. ನಮ್ಮಲ್ಲಿ ಯಾರ ಮೈಮೇಲಾದರೂ ಕೈ ಬಿದ್ದರೆ ಒಂದು ಸೊನ್ನೆ.

ಹನ್ನೊಂದು ತಿಂಗಳ ಆ ಪುಸ್ತಕದಲ್ಲಿ ಗೆರೆಗಳನ್ನು ಎಣಿಸುವುದನ್ನು ನಾನೇ ಬಿಟ್ಟಿದ್ದೇನೆ. ಕತ್ತರಿ ಒಂಬತ್ತು. ಸೊನ್ನೆ ಎರಡು. ಎರಡನೆಯ ಸೊನ್ನೆ ನಾನು ಆಡಿದ ಒಂದು ಮಾತಿನ ಬೆನ್ನಿಗೇ ಬಂದದ್ದು. ಆ ಪುಟವನ್ನು ಹರಿದು ಹಾಕಬೇಕೆಂದು ನಾಲ್ಕು ದಿನ ಅಂದುಕೊಂಡಿದ್ದೆ.

ಬರೆದಿಡುವ ಈ ಚಟ ಅಪ್ಪನಿಂದ ಬಂದದ್ದು. ಅವರು ಗಣಿತದ ಮಾಸ್ತರು. ಹಳೆಯ ಬಾಗಲಕೋಟೆಯ ನಮ್ಮ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋಯಿತು, ನಾವು ಹೊಸದಾಗಿ ಕಟ್ಟಿದ ನವನಗರಕ್ಕೆ ಬಂದೆವು. ಸಾಮಾನು ತುಂಬಿದ ಗಾಡಿ ಯಾವ ದಿನ ಹೊರಟಿತೆಂದು ಕೇಳಿದರೆ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಅಜ್ಜಿ ಮಂಗಳವಾರ ಎನ್ನುತ್ತಿದ್ದಳು. ಅವ್ವ, "ಮಂಗಳವಾರ ಮನಿ ಬಿಡ್ತಾರೇನ್ರಿ ಅತ್ತಿ? ಶುಕ್ರವಾರ," ಎನ್ನುತ್ತಿದ್ದಳು. ಅಪ್ಪ ಇಬ್ಬರ ನಡುವೆ ತಲೆ ಹಾಕದೆ ನನ್ನ ಕಡೆ ತಿರುಗಿ, "ಬರದಿಟ್ಟಿದ್ರ ಇರ್ತಿತ್ತು ನೋಡು," ಎನ್ನುತ್ತಿದ್ದರು. ಏಳನೆಯ ಇಯತ್ತೆಯಿಂದ ನಾನು ಬರೆದಿಡುತ್ತಿದ್ದೇನೆ.

ನರ್ಸಿಂಗ್ ಮುಗಿಸಿದ ಮೇಲೆ ನನ್ನ ಮೊದಲ ಕೆಲಸ ಹುನಗುಂದಕ್ಕೂ ಇಳಕಲ್ಲಿಗೂ ನಡುವೆ, ಹೆದ್ದಾರಿಯಿಂದ ತುಸು ಒಳಗಿದ್ದ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಮೂವತ್ತು ಹಾಸಿಗೆ, ಅದರಲ್ಲಿ ಆರು ತುರ್ತು ವಿಭಾಗದವು. ನಾನಿದ್ದದ್ದು ಆ ಆರರಲ್ಲಿ. ಇಳಕಲ್ಲಿನಲ್ಲಿ ಒಂದು ಖೋಲಿ ಹಿಡಿದಿದ್ದೆ. ಬೆಳಿಗ್ಗೆ ಪಕ್ಕದ ಮನೆಯ ಮಗ್ಗ ಶುರುವಾದರೆ ಏಳುವ ಹೊತ್ತಾಯಿತೆಂದೇ ಲೆಕ್ಕ, ಗಡಿಯಾರ ನೋಡುತ್ತಿರಲಿಲ್ಲ. ಏಳೂಕಾಲಿನ ಬಸ್ಸು ತಪ್ಪಿದರೆ ಗ್ರಾನೈಟ್ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳ ಟಂಟಂ ಆಟೊ ಸಿಗುತ್ತಿತ್ತು. ಅವರು ನನ್ನ ಬಿಳಿ ಸಮವಸ್ತ್ರ ನೋಡಿ, "ಸಿಸ್ಟರ್, ಕಲ್ಲಿನ ಧೂಳ ಹತ್ತೀತು, ಈ ಕಡೆ ಸರೀರಿ," ಎಂದು ತಾವು ಒತ್ತಿಕೊಂಡು ಕೂತು ಜಾಗ ಮಾಡುತ್ತಿದ್ದರು.

ಆಸ್ಪತ್ರೆಯ ಮುಂದೆ, ತುರ್ತು ವಿಭಾಗದ ಬಾಗಿಲಿನ ಎಡಕ್ಕೆ, ಬೇವಿನ ಮರದ ಸುತ್ತ ಕಟ್ಟಿದ ಕಟ್ಟೆ. ಯಾರೋ ದಾನ ಕೊಟ್ಟ ಕೆಂಪು ಕಲ್ಲಿನ ಹಾಸುಗಳನ್ನು ಅದಕ್ಕೆ ಹಾಕಿದ್ದರು. ಬಲಕ್ಕೆ, ನೀರಿನ ಟಾಕಿಯ ಪಕ್ಕ, ಸಿಮೆಂಟಿನ ಉದ್ದನೆಯ ಬೆಂಚು. ಬಾಗಿಲಲ್ಲಿ ಒಂದು ಕಬ್ಬಿಣದ ಸ್ಟೂಲು. ಆ ಸ್ಟೂಲಿನ ಮೇಲೆ ದೊಡ್ಡವ್ವ.

ದೊಡ್ಡವ್ವ ನಮ್ಮ ಆಯಾ. ಬಾದಾಮಿ ಕಡೆಯವಳು, ವಯಸ್ಸು ಅರವತ್ತರ ಹತ್ತಿರ, ಗಂಡ ಇಲ್ಲ, ಒಬ್ಬಳೇ ಮಗಳನ್ನು ಬಾದಾಮಿಯಲ್ಲೇ ಕೊಟ್ಟಿದ್ದಳು. ಡಾಕ್ಟರಿಂದ ಹಿಡಿದು ಆ್ಯಂಬುಲೆನ್ಸ್ ಡ್ರೈವರನವರೆಗೆ ಎಲ್ಲರಿಗೂ ಅವಳು ದೊಡ್ಡವ್ವನೇ. ಅವಳ ಕೆಲಸ ಹಾಸಿಗೆ ಬದಲಿಸುವುದು, ನೆಲ ಒರೆಸುವುದು, ಸ್ಟ್ರೆಚರ್ ಹಿಡಿಯುವುದು. ಬಾಗಿಲು ಅವಳಿಗೆ ಯಾರೂ ಕೊಟ್ಟ ಕೆಲಸವಲ್ಲ. ಅದನ್ನು ಅವಳೇ ಹಿಡಿದಿದ್ದಳು.

ನಮ್ಮ ಕಡೆ ಒಬ್ಬರಿಗೆ ಏನಾದರೂ ಆದರೆ ಒಬ್ಬರೇ ಬರುವುದಿಲ್ಲ. ಓಣಿ ಬರುತ್ತದೆ. ಟ್ರ್ಯಾಕ್ಟರಿನ ತುಂಬ, ಟಂಟಮ್ಮಿನ ತುಂಬ, ಒಂದು ಬೈಕಿಗೆ ಮೂವರಂತೆ. ಬಾರದಿದ್ದರೆ ಮುಂದೆ ಮುಖ ತೋರಿಸುವುದು ಕಷ್ಟ. ನನ್ನ ದಿನಚರಿಯಲ್ಲಿ ಆ ಲೆಕ್ಕವೂ ಇದೆ. ಒಂದು ಗುರುವಾರ ಕೈ ಮುರಿದ ಒಬ್ಬ ಮುದುಕನ ಹಿಂದೆ ನಲವತ್ತಮೂರು ಜನ ಬಂದಿದ್ದರು. ಮುದುಕ ನಗುತ್ತಿದ್ದ, ಬಂದವರು ಅಳುತ್ತಿದ್ದರು.

ಅಷ್ಟು ಜನರನ್ನು ದೊಡ್ಡವ್ವ ಹೇಗೆ ತಡೆಯುತ್ತಿದ್ದಳೆಂದರೆ, ತಡೆಯುತ್ತಲೇ ಇರಲಿಲ್ಲ. ಎದ್ದು ನಿಂತು, ಗಾಡಿ ಪೂರ್ತಿ ನಿಲ್ಲುವ ಮೊದಲೇ ಕೇಳುತ್ತಿದ್ದಳು:

"ಯಾರ ಪೈಕಿ ಯಾರದೀರಿ? ಹಿರೇರು ಯಾರು?"

ಕೇಳಿ, ಇಷ್ಟು ಜನ ಆ ಕಡೆ ಕುಂದರ್ರಿ, ಇಷ್ಟು ಜನ ಈ ಕಡೆ ಕುಂದರ್ರಿ ಎಂದು ಗುಂಪನ್ನು ಕಟ್ಟೆಗೂ ಬೆಂಚಿಗೂ ಹಂಚುತ್ತಿದ್ದಳು. ಎಲ್ಲರಿಗಿಂತ ಜೋರಾಗಿ ಕೂಗುವವನನ್ನು ಹುಡುಕಿ ಅವನಿಗೊಂದು ಕೆಲಸ ಕೊಡುತ್ತಿದ್ದಳು.

"ಏ ಅಣ್ಣಾ, ನಿನ್ನ ಗಂಟಲ ಭಾಳ ಛಲೋ ಐತಿ. ರೋಡಿಗೆ ಹೋಗಿ ನಿಂತು ಗಾಡಿಗೋಳನ್ನ ಸರಸು. ಆ್ಯಂಬುಲೆನ್ಸ್ ಒಳಗ ಬರಾಕ ದಾರಿ ಬೇಕು."

ಆಮೇಲೆ ಹತ್ತು ನಿಮಿಷಕ್ಕೊಮ್ಮೆ ಒಳಗೆ ಬಂದು ನಮ್ಮ ಮುಖ ನೋಡುತ್ತಿದ್ದಳು, ಹೊರಗೆ ಹೋಗಿ ಹೇಳುತ್ತಿದ್ದಳು. ಹೇಳಲು ಏನೂ ಇಲ್ಲದಿದ್ದರೂ ಹೇಳುತ್ತಿದ್ದಳು. "ಹೊಸಾದೇನಿಲ್ಲ. ಉಸರ ಐತಿ. ಡಾಕ್ಟ್ರು ಬಿಟ್ಟ ಸರದಿಲ್ಲ." ಈ ಮೂರು ಮಾತನ್ನು ಅವಳು ಒಂದು ಪಾಳಿಯಲ್ಲಿ ಹದಿನೆಂಟು ಸಲ ಹೇಳಿದ್ದನ್ನು ನಾನು ಎಣಿಸಿದ್ದೇನೆ.

ಮಾತಿಗಿಂತ ಮೊದಲು ಅವಳ ನಡಿಗೆಯನ್ನು ಎಣಿಸಿದ್ದೆ. ಒಳಗಿನಿಂದ ಸುದ್ದಿ ತೆಗೆದುಕೊಂಡು ಹೊರಟಾಗ ಅವಳು ಕೆಲವು ಸಲ ಮೊದಲು ಎಡಗಡೆಯ ಕಟ್ಟೆಗೆ ಹೋಗುತ್ತಿದ್ದಳು, ಕೆಲವು ಸಲ ಬಲಗಡೆಯ ಬೆಂಚಿಗೆ. ನನಗೆ ಅದು ಕಣ್ಣಿಗೆ ಬಿತ್ತು, ಬರೆದೆ. ಒಂದು ತಿಂಗಳಲ್ಲಿ ಎಡ ಮೊದಲು ಹದಿನೇಳು, ಬಲ ಮೊದಲು ಆರು. ಕಟ್ಟೆಯ ಮೇಲೆ ನೆರಳಿರುತ್ತದೆ, ಅದಕ್ಕೇ ಹೋಗುತ್ತಾಳೆ ಅಂದುಕೊಂಡೆ. ಪಕ್ಕದಲ್ಲಿ "ನೆರಳು?" ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿದ್ದೇನೆ. ಅವಳನ್ನೇ ಕೇಳಬಹುದಿತ್ತು. ಕೇಳಲಿಲ್ಲ.

ಒಳಗೆ ನಮ್ಮ ಡ್ಯೂಟಿ ಡಾಕ್ಟರು ಮೈಸೂರು ಕಡೆಯ ಹುಡುಗ. ಎಂಬಿಬಿಎಸ್ ಮುಗಿಸಿ ವರ್ಷವಾಗಿತ್ತು, ಮುಂದಿನ ಓದಿಗೆ ತಯಾರಿ ನಡೆಸುತ್ತಲೇ ನಮ್ಮಲ್ಲಿ ಕೆಲಸ ಮಾಡುತ್ತಿದ್ದರು. "ದಯವಿಟ್ಟು ತಾವು ಹೊರಗಡೆ ಕಾಯಬೇಕು," ಎಂದು ಅವರು ಅಂದರೆ ಹಳ್ಳಿಯ ಜನ ಬಾಯಿ ತೆರೆದು ನೋಡುತ್ತಿದ್ದರು. ದೊಡ್ಡವ್ವ ಹಿಂದಿನಿಂದ, "ಡಾಕ್ಟ್ರು ಪುಸ್ತಕ ಓದಿದಂಗ ಮಾತಾಡ್ತಾರ. ಹೊರಗ ನಡೀರಿ ಅನ್ನಾಕತ್ತಾರ, ನಡೀರಿ," ಎಂದು ಭಾಷಾಂತರ ಮಾಡುತ್ತಿದ್ದಳು. ಡಾಕ್ಟರು ನಗುತ್ತಿದ್ದರು. ಗೋಡೆಯ ಮೇಲೆ ದೊಡ್ಡ ಬೋರ್ಡೂ ಇತ್ತು, ಆಸ್ಪತ್ರೆ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದರೆ ಶಿಕ್ಷೆ ಇದೆ ಎಂದು. ಬೋರ್ಡಿನ ಕೆಳಗಿನ ಮೊಳೆಗೆ ಜನ ತಮ್ಮ ಊಟದ ಚೀಲ ತೂಗು ಹಾಕುತ್ತಿದ್ದರು.

ಮೊದಲ ಸೊನ್ನೆ ಬಿದ್ದದ್ದು ಚಳಿಗಾಲದಲ್ಲಿ. ದೊಡ್ಡವ್ವನಿಗೆ ಜ್ವರ ಬಂದು ಎರಡು ದಿನ ಬಂದಿರಲಿಲ್ಲ. ಎರಡನೆಯ ದಿನ ಯಾರೋ ನಮ್ಮ ಕಾಂಪೌಂಡರನ ಕಾಲರ್ ಹಿಡಿದು ಗೋಡೆಗೆ ಒತ್ತಿದರು. ಅಂಗಿಯ ಎರಡು ಗುಂಡಿ ಹೋದವು, ಅಷ್ಟೇ. ಅವನು ಸಂಜೆಗೆ ಗುಂಡಿ ಹಚ್ಚಿಸಿಕೊಂಡು ಬಂದು ಎಲ್ಲರಿಗೂ ತೋರಿಸಿದ. ನಾವು ನಕ್ಕೆವು. ನಗಬಾರದಿತ್ತು.

ಎರಡನೆಯದು ಜೂನ್ ತಿಂಗಳಲ್ಲಿ, ಒಂದು ಸೋಮವಾರ.

ಅದಕ್ಕೆ ಮೂರು ದಿನ ಮುಂಚೆ, ಶುಕ್ರವಾರ, ದೊಡ್ಡವ್ವ ನನ್ನ ಬಳಿ ಬಂದು ನಿಂತಳು.

"ತಂಗೀ, ಸೋಮವಾರ ಮೊಮ್ಮಗಳನ್ನ ಸಾಲಿಗೆ ಹಚ್ಚಬೇಕು. ಮಗಳು ಒಬ್ಬಾಕಿನ ಹೋಗಾಕ ಅಂಜತಾಳ. ಬಾದಾಮಿಗೆ ಹೋಗಿ ಬರ್ತೇನಿ. ಬಾಗಲಾ?"

"ನಾ ನೋಡ್ಕೋತೇನಿ, ದೊಡ್ಡವ್ವ. ನೀವು ಹೋಗಿ ಬರ್ರಿ."

"ಬರಕೋ ಮತ್ತ. ನೀ ಬರದಿ ಅಂದ್ರ ನನಗ ಧೈರ್ಯ."

ಬರೆದುಕೊಂಡೆ. ನನ್ನ ದಿನಚರಿಯಲ್ಲಿ ಆ ಸೋಮವಾರದ ಖಾಲಿ ಪುಟ ತೆಗೆದು, "ದೊಡ್ಡವ್ವ ಬಾದಾಮಿಗೆ. ಬಾಗಿಲು ನಾನು," ಎಂದು ಮುಂಚಿತವಾಗಿಯೇ ಬರೆದೆ. ಆಫೀಸಿನ ಮೇಜಿನ ಮೇಲೆ ದಾರ ಕಟ್ಟಿದ ರಜೆಯ ಪುಸ್ತಕವೊಂದಿತ್ತು. ದೊಡ್ಡವ್ವನಿಗೆ ಓದು ಬರಹ ಬಾರದ್ದರಿಂದ ಅವಳ ರಜೆಯನ್ನು ಅದರಲ್ಲಿ ಬರೆದು ಹೆಬ್ಬೆಟ್ಟು ಒತ್ತಿಸುವುದು ನಮ್ಮ ಕೆಲಸ. ಅದರಲ್ಲಿ ನಾನು ಬರೆಯಲಿಲ್ಲ. ಒಂದು ಕಡೆ ಬರೆದ ಸಮಾಧಾನದಲ್ಲಿ ಇನ್ನೊಂದು ಕಡೆ ಬರೆಯುವುದು ಮರೆತೇ ಹೋಯಿತು.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಅಮೀನಗಡದ ಆಚೆಯ ಹಳ್ಳಿಯಿಂದ ಒಬ್ಬ ಹೆಣ್ಣುಮಗಳನ್ನು ಕರೆತಂದರು. ವಯಸ್ಸು ಇಪ್ಪತ್ತಮೂರು, ಮದುವೆಯಾಗಿ ಎರಡು ವರ್ಷ. ಹೊಲದಲ್ಲಿ ಹಾವು ಕಚ್ಚಿತ್ತು. ಕಣ್ಣಿನ ರೆಪ್ಪೆಗಳು ಆಗಲೇ ಭಾರವಾಗಿ ಇಳಿಯುತ್ತಿದ್ದವು. ಕರೆತಂದವರು ಗಂಡ, ಮಾವ, ಮತ್ತು ಅವರ ಪೈಕಿ ಹನ್ನೆರಡು ಜನ. ಕುರಿ ಸಾಕುವ ಮನೆತನ. ಮಾವನ ಹೆಗಲ ಮೇಲೆ ಕಂಬಳಿ, ಬಾಯಲ್ಲಿ ಮನೆದೇವರು ಬೀರಪ್ಪನ ಹೆಸರು. ನಾನು ದೊಡ್ಡವ್ವನ ಹಾಗೆಯೇ ಹಿರಿಯರು ಯಾರೆಂದು ಕೇಳಿದೆ. ಮಾವ ಮುಂದೆ ಬಂದ. ಅವನಿಗೆ ಎಲ್ಲ ಹೇಳಿದೆ: ವಿಷಕ್ಕೆ ಔಷಧಿ ಬಾಟಲಿಯಲ್ಲಿ ಹಾಕಿ ಏರಿಸುತ್ತೇವೆ, ಒಂದು ತಾಸು ಬೇಕು, ಡಾಕ್ಟರು ಪಕ್ಕದಲ್ಲೇ ಇರುತ್ತಾರೆ. ಅವನು ತಲೆಯಾಡಿಸಿ ಹೋಗಿ ಬೆಂಚಿನ ಮೇಲೆ ಕೂತ. ಉಳಿದವರೂ ಕೂತರು. ಹತ್ತು ನಿಮಿಷಕ್ಕೊಮ್ಮೆ ಹೊರಗೆ ಹೋಗಿ ಮಾವನಿಗೆ ಹೇಳಿ ಬಂದೆ. ಮೂರು ಸಲ ಹೋಗಿದ್ದೇನೆ, ಮೂರೂ ಸಲದ ಹೊತ್ತು ಬರೆದಿದೆ. ಕೆಲಸ ನನಗೆ ಬರುತ್ತದೆ ಎಂದು ಖುಷಿಯಾಗಿತ್ತು.

ಹನ್ನೊಂದೂ ಮುಕ್ಕಾಲಿಗೆ ಐಹೊಳೆಯಿಂದ ಎರಡು ಬೈಕಿನಲ್ಲಿ ಅವಳ ತವರಿನವರು ಬಂದರು. ನಾಲ್ಕು ಜನ, ಮುಂದೆ ಅವಳ ಅಣ್ಣ. ಅದೇ ಹೊತ್ತಿಗೆ ಒಳಗೆ ಅವಳಿಗೆ ಔಷಧಿ ಒಗ್ಗದೆ ಮೈಯೆಲ್ಲ ನಡುಗಲು ಶುರುವಾಗಿತ್ತು, ಕುತ್ತಿಗೆಯ ಮೇಲೆ ದದ್ದುಗಳು ಎದ್ದಿದ್ದವು. ಈ ಔಷಧಿಯಲ್ಲಿ ಅದು ಆಗುವುದುಂಟು. ಆದಾಗ ಬಾಟಲಿಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಬೇರೆ ಇಂಜೆಕ್ಷನ್ ಕೊಟ್ಟು, ನಡುಕ ತಗ್ಗಿದ ಮೇಲೆ ಮತ್ತೆ ಶುರು ಮಾಡಬೇಕು. ಡಾಕ್ಟರು ಬಾಟಲಿ ನಿಲ್ಲಿಸಿ ನನ್ನನ್ನು ಇಂಜೆಕ್ಷನ್ನಿಗೆ ಓಡಿಸಿದ್ದರು. ನಾನು ಔಷಧಿಯ ಕಪಾಟಿಗೆ ಓಡುತ್ತಿದ್ದಾಗ ಅಣ್ಣ ಬಾಗಿಲಲ್ಲಿ ಅಡ್ಡ ನಿಂತ.

"ಸಿಸ್ಟರ್, ನಮ್ಮ ತಂಗಿ ಹೆಂಗದಾಳ್ರಿ?"

"ಎಲ್ಲಾ ಹೇಳೇವ್ರಿ. ನಿಮ್ಮ ಬೀಗರನ್ನ ಕೇಳ್ರಿ."

ಇಷ್ಟೇ ನಾನಂದದ್ದು. ಓಡುತ್ತ ಅಂದೆ.

ಕಪಾಟಿನಿಂದ ತಿರುಗಿ ಬರುವಷ್ಟರಲ್ಲಿ ಅವನು ಒಳಗೆ ನುಗ್ಗಿದ್ದ. ಪರದೆ ಸರಿಸಿ ನೋಡಿದ್ದಾನೆ. ತಂಗಿ ನಡುಗುತ್ತಿದ್ದಾಳೆ, ಬಾಟಲಿ ನಿಂತಿದೆ.

"ಬಾಟ್ಲಿ ಯಾಕ ಬಂದ ಮಾಡೀರಿ? ಏ, ಯಾಕ ಬಂದ ಮಾಡೀರಿ? ಅವರ ಜೋಡಿ ಸೇರೀರೇನು ನೀವೂ?"

"ದಯವಿಟ್ಟು ತಾವು..." ಎಂದು ಡಾಕ್ಟರು ತಿರುಗಿದರು. ಮಾತು ಮುಗಿಸಲಿಲ್ಲ. ಏಟು ಕಿವಿಯ ಮೇಲೆ ಬಿತ್ತು. ಅವರು ಟ್ರಾಲಿಯ ಮೇಲೆ ಬಿದ್ದರು, ಟ್ರಾಲಿ ನೆಲಕ್ಕೆ ಬಿತ್ತು. ಬೆಂಚಿನ ಮೇಲಿದ್ದವರೆಲ್ಲರೂ ಒಳಗೆ ಓಡಿ ಬಂದರು. ಬಿಡಿಸಲು ಬಂದವರು ಯಾರು, ಹೊಡೆಯಲು ಬಂದವರು ಯಾರು, ನನಗೆ ತಿಳಿಯಲಿಲ್ಲ.

ಡಾಕ್ಟರು ಎದ್ದು ಮಾಡಿದ ಮೊದಲ ಕೆಲಸವನ್ನು ನಾನು ಎಂದಿಗೂ ಮರೆಯುವುದಿಲ್ಲ. ಒಂದು ಕೈ ಕಿವಿಯ ಮೇಲೆ ಇತ್ತು. ಇನ್ನೊಂದು ಕೈ ನನ್ನ ಕಡೆ ಚಾಚಿದರು. ನಾನು ಸಿರಿಂಜು ಕೊಟ್ಟೆ. ಇಂಜೆಕ್ಷನ್ ಅವರೇ ಕೊಟ್ಟರು. ಇಪ್ಪತ್ತು ನಿಮಿಷದ ಮೇಲೆ, ಪೊಲೀಸರು ಬಂದು ಅಣ್ಣನನ್ನು ಕರೆದೊಯ್ಯುವಾಗ, ಬಾಟಲಿ ಮತ್ತೆ ಶುರುವಾಗಿತ್ತು. ಆ ಹೆಣ್ಣುಮಗಳು ಉಳಿದಳು. ಆರನೆಯ ದಿನ ನಡೆದುಕೊಂಡು ಮನೆಗೆ ಹೋದಳು. ಡಾಕ್ಟರ ಕಿವಿಯ ಪೊರೆ ಹರಿದಿತ್ತು. ತಿಂಗಳುಗಟ್ಟಲೆ ಅವರು ಸ್ಟೆತಸ್ಕೋಪು ಹಾಕಿಕೊಂಡಾಗ ತಲೆ ಒಂದು ಕಡೆ ವಾಲಿಸುತ್ತಿದ್ದರು.

ಮರುದಿನ ಆಸ್ಪತ್ರೆಯ ಹಿರಿಯ ಡಾಕ್ಟರು, ಅಂದರೆ ಅದನ್ನು ಕಟ್ಟಿದವರು, ಎಲ್ಲರನ್ನೂ ಕೂಡಿಸಿದರು. ಮ್ಯಾನೇಜರು ರಜೆಯ ಪುಸ್ತಕ ತೆರೆದು ತೋರಿಸಿದರು. ಸೋಮವಾರದ ಸಾಲು ಖಾಲಿ.

"ಹೇಳದ ಕೇಳದ ಹೋಗ್ಯಾಳ್ರಿ ಮುದುಕಿ. ಬಾಗಲ ಬಿಟ್ಟು ಹೋಗ್ಯಾಳ. ಅದಕ್ಕ ಇಷ್ಟೆಲ್ಲಾ ಆತು."

ದೊಡ್ಡವ್ವ ಗೋಡೆಗೆ ಒರಗಿ ನಿಂತಿದ್ದಳು. ಒಮ್ಮೆ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಅವಳು ಏನೂ ಅನ್ನಲಿಲ್ಲ. ಬಾಗಿಲಿಗೆ ಕಬ್ಬಿಣದ ಗೇಟು, ಇಬ್ಬರು ಕಾವಲುಗಾರರು, ಕ್ಯಾಮೆರಾ ಎಂದು ತೀರ್ಮಾನವಾಯಿತು. ದೊಡ್ಡವ್ವನನ್ನು ಹಿತ್ತಿಲಲ್ಲಿ ಹಾಸಿಗೆಬಟ್ಟೆ ಒಗೆಯುವ ಕೆಲಸಕ್ಕೆ ಹಾಕಿದರು. ಗೇಟು ಬೇಕಾಗಿತ್ತು, ಕಾವಲುಗಾರರು ಬೇಕಾಗಿತ್ತು, ಆ ಬಗ್ಗೆ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ಆದರೆ ಅವಳ ಸ್ಟೂಲನ್ನು ಎತ್ತಿ ಸ್ಟೋರಿಗೆ ಹಾಕಿದರು. ನನ್ನ ಚೀಲದಲ್ಲಿದ್ದ ಹಸಿರು ಪುಸ್ತಕದಲ್ಲಿ "ಬಾಗಿಲು ನಾನು" ಎಂದಿತ್ತು.

ಮಂಗಳವಾರ, ಬುಧವಾರ, ಗುರುವಾರ, ಶುಕ್ರವಾರ. ನಾಲ್ಕು ದಿನ ನಾನು ಬಾಯಿ ಬಿಡಲಿಲ್ಲ. ಕೆಲಸ ಹೋದೀತೆಂದು ಅಂಜಿಕೆ. ಪೊಲೀಸರು ನನ್ನ ಹೇಳಿಕೆಯನ್ನೂ ಬರೆದುಕೊಂಡಿದ್ದರು. ನೋಡಿದ್ದನ್ನೆಲ್ಲ ಹೇಳಿದ್ದೆ, ನಾನು ಅಂದದ್ದನ್ನು ಮಾತ್ರ ಹೇಳಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿಗೆ ಹಿತ್ತಿಲಿಗೆ ಹೋದೆ. ದೊಡ್ಡವ್ವ ಹಗ್ಗದ ಮೇಲೆ ಚಾದರ ಹರವುತ್ತಿದ್ದಳು. ನನ್ನನ್ನು ನೋಡಿ ಇನ್ನೊಂದು ತುದಿ ನನ್ನ ಕೈಗೆ ಕೊಟ್ಟಳು. ಇಬ್ಬರೂ ಹಿಂಡಿದೆವು.

"ಮೊಮ್ಮಗಳು ಸಾಲಿಗೆ ಹೋದಳೇನ್ರಿ?"

"ಹೋದ್ಳು. ಮೊದಲನೇ ದಿನ ಅತ್ತಳು, ಎರಡನೇ ದಿನ ಮಾಸ್ತರನ್ನ ಅಳಿಸಿದಳಂತ." ಚಾದರ ಝಾಡಿಸಿದಳು. "ನೀ ಯಾಕ ಅಳ್ತಿ?"

ಎಲ್ಲ ಹೇಳಿದೆ. ಅವನು ಏನು ಕೇಳಿದ, ನಾನು ಏನು ಅಂದೆ, ಒಂದಕ್ಷರ ಬಿಡದೆ. "ನಿಮ್ಮ ಬೀಗರನ್ನ ಕೇಳ್ರಿ" ಎಂಬಲ್ಲಿಗೆ ಬಂದಾಗ ದೊಡ್ಡವ್ವ ಹಗ್ಗ ಹಿಡಿದುಕೊಂಡೇ ನಿಂತುಬಿಟ್ಟಳು.

"ಅಯ್ಯ ಯವ್ವಾ. ಹಂಗಂದ್ಯಾ?"

"ಅಂದೆ."

"ಕೊಟ್ಟ ಮನ್ಯಾಗ ತಂಗಿಗೆ ಹಾವ ಕಡದೈತಿ. ಖರೇನ ಹಾವ ಕಡೀತೋ, ಮತ್ತೇನರ ಆತೋ ಅಂತ ಅವನ ಹೊಟ್ಟ್ಯಾಗ ಬೆಂಕಿ. ಬೀಗರ ಬಾಯಿ ಬ್ಯಾಡ, ದವಾಖಾನಿ ಬಾಯಿಲೆ ಕೇಳೂಣು ಅಂತ ಓಡಿ ಬಂದಾನ. ನೀ ಅವನ್ನ ತಿರಗಿ ಬೀಗರ ಮುಂದ ಕೈ ಒಡ್ಡಿ ನಿಂದ್ರು ಅಂದಿ."

ಆಗ ನಾನು ಕೇಳಿದೆ, ಆರು ತಿಂಗಳ ಹಿಂದೆ ಕೇಳಬೇಕಾದದ್ದನ್ನು. "ದೊಡ್ಡವ್ವ, ನೀವು ಮೊದಲ ಎಡಗಡೆ ಕಟ್ಟಿಗೆ ಯಾಕ ಹೋಗ್ತಿದ್ರಿ?"

"ಕಟ್ಟಿ ಮ್ಯಾಲ ತವರಿನಾರನ್ನ ಕೂಡಸ್ತೇನಿ. ಬೆಂಚಿನ ಮ್ಯಾಲ ಗಂಡನ ಮನಿಯಾರನ್ನ. ಬಂದಾಕಿ ಲಗ್ನಾದಾಕಿ ಇದ್ರ ಮೊದಲ ಕಟ್ಟಿಗೆ ಹೇಳ್ಬೇಕು. ಬೆಂಚಿನಾರು ಕಣ್ಣಿಲೆ ನೋಡಿ ಕರಕೊಂಡ ಬಂದಿರ್ತಾರ, ತಡೀತಾರ. ಕಟ್ಟಿಯಾರು ಏನೂ ನೋಡಿರಂಗಿಲ್ಲ. ಇನ್ನೂ ಬಂದಿಲ್ಲ ಅಂದ್ರ ಕಟ್ಟಿ ಖಾಲಿ ಇಡ್ತೇನಿ, ಬರೂತನಕ ದಾರಿ ನೋಡ್ತೇನಿ. ಗಂಡಸು ಇದ್ರ ಯಾರಿಗೆ ಮೊದಲ ಹೇಳಿದ್ರೂ ನಡೀತೈತಿ."

ಹದಿನೇಳು, ಆರು. ನೆರಳು, ಪ್ರಶ್ನಾರ್ಥಕ ಚಿಹ್ನೆ. ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ, ಅದರ ಅರ್ಥ ಮಾತ್ರ ನನ್ನ ಬಳಿ ಇರಲಿಲ್ಲ.

"ಹಂಗಾದ್ರ ಡಾಕ್ಟ್ರಿಗೆ ಏಟು ಬಿದ್ದದ್ದು ನನ್ನಿಂದ," ಅಂದೆ.

ಆಗ ಮಾತ್ರ ಅವಳಿಗೆ ಸಿಟ್ಟು ಬಂತು. "ಹುಚ್ಚಿ. ನೀ ಅಂದದ್ದು ತಪ್ಪ. ಅಂವ ಹೊಡದದ್ದು ಗುನ್ಹೆ. ಎರಡನ್ನೂ ಒಂದ ಗಂಟಿನ್ಯಾಗ ಕಟ್ಟಬ್ಯಾಡ. ಮಾತು ಹತ್ತಿತು ಅಂತ ಕೈ ಎತ್ತಾಕ ಹತ್ತಿದ್ರ, ದವಾಖಾನ್ಯಾಗ ಯಾರು ಉಳೀತಾರ? ಅಂವಗ ಏನಾಗ್ಬೇಕೋ ಆಗ್ಲಿ. ನೀ ನಿಂದ ಅಷ್ಟ ನೋಡ್ಕೋ."

"ನೀವು ಹೇಳಿ ಹೋಗಿದ್ರಿ ಅಂತ ನೀವ ಯಾಕ ಅನ್ನಲಿಲ್ಲ?"

"ಬರದಾಕಿ ನೀನು. ನಾ ಏನ ತೋರಿಸಲಿ?" ಎಂದು ಹೆಬ್ಬೆರಳು ಎತ್ತಿ ತೋರಿಸಿದಳು. ನಗುತ್ತಿದ್ದಳು. ಸಾಬೂನಿನ ನೀರಿಗೆ ಬೆರಳ ತುದಿ ಬೆಳ್ಳಗಾಗಿ ಸುಕ್ಕುಗಟ್ಟಿತ್ತು.

ಶನಿವಾರ ಬೆಳಿಗ್ಗೆ ಹಿರಿಯ ಡಾಕ್ಟರ ಕೋಣೆಗೆ ಹೋಗಿ ಹಸಿರು ಪುಸ್ತಕವನ್ನು ಮೇಜಿನ ಮೇಲಿಟ್ಟೆ. ಮೊದಲು ಸೋಮವಾರದ ಪುಟ ತೆಗೆದು ತೋರಿಸಿದೆ. ಆಮೇಲೆ ಮೊದಲ ಸೊನ್ನೆಯ ಪುಟ. ಆ ದಿನವೂ ಮೇಲ್ಗಡೆ "ದೊಡ್ಡವ್ವ ಇಲ್ಲ, ಜ್ವರ" ಎಂದು ಬರೆದಿತ್ತು. ಆಮೇಲೆ ಎಡ, ಬಲದ ಲೆಕ್ಕ. ಅವರು ಕನ್ನಡಕ ಹಣೆಗೆ ಏರಿಸಿ, ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು, ಬಹಳ ಹೊತ್ತು ಓದಿದರು.

"ಈ ಗೆರಿ ಎಲ್ಲಾ ಏನು?"

"ಮಂದಿ ಕೂಗ್ಯಾಡಿದ್ದು ರೀ, ಸರ್."

"ಇಷ್ಟು?" ಪುಟ ತಿರುವಿದರು. "ನನಗ ಯಾರೂ ಹೇಳಿಲ್ಲಲ್ಲ."

"ದಿನಾ ಇರೂದು ಅಂತ ಯಾರೂ ಹೇಳಿಲ್ರಿ."

ಅವರು ಪುಸ್ತಕ ಮುಚ್ಚಿದರು. ಆ ಮುಖ ನನಗೆ ಇನ್ನೂ ನೆನಪಿದೆ. ಮೂವತ್ತು ವರ್ಷ ಅದೇ ಕಟ್ಟಡದಲ್ಲಿ ಕೆಲಸ ಮಾಡಿದ ಮನುಷ್ಯ ಅದರ ಬಾಗಿಲನ್ನು ಹೊಸದಾಗಿ ನೋಡುತ್ತಿದ್ದ ಹಾಗಿತ್ತು. ಆಮೇಲೆ ಮ್ಯಾನೇಜರನ್ನು ಕರೆದು ನನಗೊಂದು ಮೆಮೊ ಕೊಡಲು ಹೇಳಿದರು, ರಜೆಯ ಪುಸ್ತಕದಲ್ಲಿ ಬರೆಯದ್ದಕ್ಕೆ. ಪೊಲೀಸರ ಮುಂದೆ ಬಿಟ್ಟ ಮಾತನ್ನೂ ಹೋಗಿ ಹೇಳಿ ಬಾ ಎಂದರು. ಅದೇ ದಿನ ಹೋದೆ. ಬರೆದುಕೊಂಡ ಪೊಲೀಸರು ತಲೆ ಎತ್ತದೆಯೇ ನನಗೊಂದು ವಿಷಯ ಹೇಳಿದರು. ಆ ಅಣ್ಣ ಐಹೊಳೆಯಲ್ಲಿ ಪ್ರವಾಸಿಗರಿಗೆ ಗುಡಿ ತೋರಿಸುವ ಕೆಲಸದವನಂತೆ. "ನಾ ದಿನಾ ಗುರ್ತಿಲ್ಲದ ಮಂದಿಗೆ ಒಂದೊಂದ ಕಲ್ಲಿನ ಸುದ್ದಿ ಹೇಳ್ತೇನಿ, ನಮ್ಮ ತಂಗಿ ಸುದ್ದಿ ನನಗೊಬ್ಬರೂ ಹೇಳ್ಲಿಲ್ಲ," ಎಂದು ಹೇಳಿಕೆಯಲ್ಲಿ ಬರೆಸಿದ್ದನಂತೆ. ಕೇಸು ನಡೆಯಿತು. ಡಾಕ್ಟರು ದೂರು ಹಿಂತೆಗೆದುಕೊಳ್ಳಲಿಲ್ಲ, ಅವರು ಮಾಡಿದ್ದು ಸರಿ.

ಸೋಮವಾರ ಹಿರಿಯ ಡಾಕ್ಟರು ತಾವೇ ಹಿತ್ತಿಲಿಗೆ ಹೋದರು. ಏನು ಮಾತಾಡಿದರೋ ಗೊತ್ತಿಲ್ಲ. ಬರುವಾಗ ದೊಡ್ಡವ್ವ ಅವರ ಹಿಂದೆ ಕೈ ಒರೆಸಿಕೊಳ್ಳುತ್ತ ಬಂದಳು. ಹೊಸ ಗೇಟಿಗೆ ಬಣ್ಣ ಹಚ್ಚುತ್ತಿದ್ದರು. ಕಾವಲುಗಾರರು ಇಬ್ಬರು, ನೀಲಿ ಅಂಗಿಯವರು, ಎದೆ ಉಬ್ಬಿಸಿ ನಿಂತಿದ್ದರು. ಹಿರಿಯ ಡಾಕ್ಟರು ಅವರಿಗೆ ಅಂದರು:

"ಗೇಟಿನ ಕೀಲಿ ನಿಮ್ಮ ಕಡೆ ಇರ್ಲಿ. ಯಾವಾಗ ಹಾಕಬೇಕು, ಯಾವಾಗ ತಗೀಬೇಕು, ಈಕಿನ್ನ ಕೇಳ್ರಿ."

ದೊಡ್ಡವ್ವ ಸ್ಟೋರಿನಿಂದ ಸ್ಟೂಲು ತರಿಸಿದಳು. ಕೂತು ನೋಡಿದಳು. "ಯಾರೋ ಇದರ ಕಾಲ ಸೊಟ್ಟ ಮಾಡ್ಯಾರ," ಎಂದು ಬೈದು, ಒಂದು ಕಾಲಿನ ಕೆಳಗೆ ರಟ್ಟು ಮಡಚಿ ಇಟ್ಟಳು. ನೀಲಿ ಅಂಗಿಯವರಲ್ಲಿ ಒಬ್ಬನಿಗೆ, "ಅಣ್ಣಾ, ನಿನ್ನ ಮೀಸಿ ಛಲೋ ಅದಾವ. ರೋಡಿನ ಕಡೆ ಮುಖಾ ಮಾಡಿ ನಿಂದ್ರು, ಈ ಕಡೆ ಕೂಸುಗೋಳು ಅಂಜತಾವ," ಅಂದಳು.

ಅಂದು ಮಧ್ಯಾಹ್ನ ಹುನಗುಂದದಿಂದ ಒಬ್ಬ ಹೆಣ್ಣುಮಗಳನ್ನು ತಂದರು, ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟು. ದೊಡ್ಡವ್ವ ಏಳಲಿಲ್ಲ. ಗದ್ದದಿಂದ ನನ್ನ ಕಡೆ ಸನ್ನೆ ಮಾಡಿದಳು. ನಾನು ಗುಂಪಿನ ಮುಂದೆ ಹೋಗಿ ನಿಂತೆ.

"ತವರಿನಾರು ಯಾರ್ರಿ?" ಎಂದು ಕೇಳಿದೆ. ಹಿಂದಿನಿಂದ ಒಬ್ಬ ಮುದುಕಿ ಕೈ ಎತ್ತಿದಳು. ಅಷ್ಟು ಜನರಲ್ಲಿ ತನ್ನನ್ನು ಯಾರಾದರೂ ಕೇಳುತ್ತಾರೆಂದು ಆಕೆ ಅಂದುಕೊಂಡಿರಲಿಲ್ಲ. ಆಕೆಯ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿದೆ.

ಅದಾದ ಮೇಲೆ ಐದು ತಿಂಗಳು ನಾನು ಅಲ್ಲಿದ್ದೆ. ಗೆರೆಗಳು ಬಿದ್ದವು, ಒಂದು ಕತ್ತರಿಯೂ ಬಿತ್ತು. ಸೊನ್ನೆ ಬೀಳಲಿಲ್ಲ. ಅದು ಗೇಟಿನಿಂದಲೋ ದೊಡ್ಡವ್ವನಿಂದಲೋ ಎಂದು ಬಿಡಿಸಿ ಹೇಳುವ ಲೆಕ್ಕ ನನ್ನ ಬಳಿ ಇಲ್ಲ, ಎರಡೂ ಒಂದೇ ದಿನ ಬಂದವು. ಈಗ ನಾನು ನವನಗರದಲ್ಲೇ, ಮನೆಗೆ ನಡೆದು ಹೋಗುವಷ್ಟು ಹತ್ತಿರ, ದೊಡ್ಡದೊಂದು ಆಸ್ಪತ್ರೆಯಲ್ಲಿದ್ದೇನೆ. ಗಾಜಿನ ಬಾಗಿಲು, ಕ್ಯಾಮೆರಾ, ಗೋಡೆಗೆ ಕೆಂಪು ಗುಂಡಿ, ಒತ್ತಿದರೆ ಆರು ಜನ ಓಡಿ ಬರುತ್ತಾರೆ. ಎಲ್ಲವೂ ಬೇಕು. ಆದರೂ ಬೆಳಿಗ್ಗೆ ಪಾಳಿಗೆ ಹೋಗುವಾಗ ಕಿವಿ ಮಗ್ಗದ ಸದ್ದನ್ನು ಹುಡುಕುತ್ತದೆ. ಬಾಗಿಲು ದಾಟುವಾಗ ಕಣ್ಣು ಎಡಕ್ಕೆ ಹೋಗುತ್ತದೆ. ಅಲ್ಲಿ ಕಟ್ಟೆ ಇಲ್ಲ, ಸಾಲಾಗಿ ಕುರ್ಚಿಗಳಿವೆ. ಅವುಗಳಲ್ಲಿ ಒಂದು ಸಾಲನ್ನು ನಾನು ಖಾಲಿ ಇಡಿಸುತ್ತೇನೆ. ಯಾಕೆಂದು ಹೊಸ ಹುಡುಗಿಯರು ಕೇಳುತ್ತಾರೆ. ಕೇಳುತ್ತಾರಲ್ಲ ಎಂದೇ ನನಗೆ ಸಂತೋಷ.

ದೊಡ್ಡವ್ವ ಮತ್ತೆ ರಜೆ ಕೇಳಿದ್ದು ಸ್ಟೂಲಿಗೆ ಮರಳಿದ ಹದಿನೇಳನೆಯ ದಿನ, ಒಂದು ಬುಧವಾರ. ನಾನು ಮೂಲೆಯಲ್ಲಿ ಕೂತು ದಿನಚರಿ ಬರೆಯುತ್ತಿದ್ದೆ.

"ತಂಗೀ, ನಾಳೆ ಬಾದಾಮಿಗೆ ಹೋಗಬೇಕು. ಮೊಮ್ಮಗಳ ಸಾಲ್ಯಾಗ ಕರದಾರಂತ, ಏನ ಮಾಡ್ಯಾಳೋ ಏನೋ."

"ಹೋಗಿ ಬರ್ರಿ, ದೊಡ್ಡವ್ವ," ಎಂದು ದಿನಚರಿಯ ನಾಳೆಯ ಪುಟ ತಿರುವಿದೆ.

ಅವಳು ಪುಸ್ತಕದ ಮೇಲೆ ಕೈಯಿಟ್ಟು ಮುಚ್ಚಿದಳು. "ಇದರಾಗ ಬ್ಯಾಡ. ಎದ್ದು ನಡಿ, ದಾರ ಕಟ್ಟಿದ್ದರಾಗ ಬರಿ."

ಇಬ್ಬರೂ ಆಫೀಸಿಗೆ ಹೋದೆವು. ನಾನು ಬರೆದೆ, ಓದಿ ಹೇಳಿದೆ. ಅವಳು ಶಾಯಿಯ ಡಬ್ಬಿಯಲ್ಲಿ ಹೆಬ್ಬೆರಳು ಅದ್ದಿ ಒತ್ತಿದಳು. ಒತ್ತಿದವಳು ಬೆರಳು ಒರೆಸಿಕೊಳ್ಳದೆ ನಿಂತಿದ್ದಳು.

"ಬಾಗಲ ಯಾರು ಅಂತ ಬರದಿಲ್ಲಲ್ಲ?"

"ಆ ಪುಸ್ತಕದಾಗ ಅದಕ್ಕ ಜಾಗಾ ಇಲ್ರಿ."

"ಜಾಗಾ ಮಾಡು."

ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ, "ಬಾಗಿಲು ನಾನು" ಎಂದು ಬರೆದು ಸಹಿ ಮಾಡಿದೆ. ಅವಳು ಆ ಅಕ್ಷರಗಳನ್ನು ಓದಲು ಬರುವವಳ ಹಾಗೆ ಬಗ್ಗಿ ನೋಡಿದಳು. ಮರುದಿನ ಬೆಳಿಗ್ಗೆ ಎಂಟಕ್ಕೆ ಐದು ನಿಮಿಷವಿರುವಾಗ ನಾನು ಸ್ಟೂಲಿನ ಕಾಲಿನ ಕೆಳಗಿನ ರಟ್ಟು ಸರಿಮಾಡಿ, ರಸ್ತೆಗೆ ಮುಖ ಮಾಡಿ ಕೂತೆ. ಕಟ್ಟೆ ಖಾಲಿ ಇತ್ತು. ಖಾಲಿಯಾಗಿಯೇ ಇಟ್ಟೆ.